ವಿಚಾರಣೆಯಲ್ಲಿದ್ದ ಸೂಜಿ

"ಗುರುಗಳೇ, ತಪ್ಪು ಸಲಹೆಯ ಫಲ ಸಲಹೆ ಕೊಟ್ಟವನಿಗೇ ತಟ್ಟುತ್ತದೆ ಎನ್ನುತ್ತಾರೆ. ನಿಜವೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಪಟ್ಟಣದಲ್ಲಿ ಐವರು ವೈದ್ಯರ ಚಾವಡಿಯಿತ್ತು. ಪ್ರತಿ ವರ್ಷ ಬೇಸಿಗೆಗೆ ಮುನ್ನ ಮೂರು ವರ್ಷ ತುಂಬಿದ ಮಕ್ಕಳ ತೋಳಿಗೆ ಸಿಡುಬು ಬಾರದಂತೆ ದಾಕು ಹಾಕುವುದು ಅವರ ಕೆಲಸ. ಸೂಜಿ ಚುಚ್ಚಿದಲ್ಲಿ ದುಂಡನೆಯ ಕಲೆ ಉಳಿಯುತ್ತಿತ್ತು. ಕಲೆಯಿದ್ದವರ ಹತ್ತಿರ ಸಿಡುಬು ಸುಳಿಯುತ್ತಿರಲಿಲ್ಲ.

ಹೊಸ ದಳವಾಯಿ ಬಂದ. "ಇಪ್ಪತ್ತು ವರ್ಷದಿಂದ ಊರಿನಲ್ಲಿ ಸಿಡುಬೇ ಇಲ್ಲ. ಮತ್ತೆ ದಾಕು ಯಾಕೆ?" ಎಂದು ಕೇಳಿದ.

"ದಾಕು ಹಾಕಿದ್ದರಿಂದಲೇ ಇಲ್ಲ" ಎಂದರು ವೈದ್ಯರು.

ದಾಕಿನ ವಿಷಯ ಕಲಿತವರೆಲ್ಲ ದಾಕಿನ ಪರವಾಗಿಯೇ ಮಾತನಾಡುವುದನ್ನು ದಳವಾಯಿ ಗಮನಿಸಿದ. ಇದು ಪಕ್ಷಪಾತ ಎಂದು ಐವರನ್ನೂ ಮನೆಗೆ ಕಳುಹಿಸಿದ. ಅವರ ಜಾಗದಲ್ಲಿ ಐವರು ನಿಷ್ಪಕ್ಷಪಾತಿಗಳನ್ನು ಕೂರಿಸಿದ. ಒಬ್ಬ ಅತ್ತರಿನ ವ್ಯಾಪಾರಿ, ಒಬ್ಬ ಭಾಷಣಕಾರ, ಉಳಿದ ಮೂವರು ದಳವಾಯಿಯ ಷಡ್ಡಕರು. ಸಿಡುಬಿನ ರೋಗಿಯನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ. ಆದ್ದರಿಂದ ಅವರಿಗೆ ಯಾವ ಪೂರ್ವಗ್ರಹವೂ ಇರಲಿಲ್ಲ.

ಮೂರು ದಿನ ಕೂತು ಅವರು ತೀರ್ಮಾನ ಹೊರಡಿಸಿದರು. ದಾಕು ಇನ್ನು ಮುಂದೆ ತಂದೆತಾಯಿಯ ಇಚ್ಛೆಗೆ ಬಿಟ್ಟದ್ದು. ವಿಚಾರಣೆ ಮುಗಿಯುವ ತನಕ ಸೂಜಿಗಳು ಪೆಟ್ಟಿಗೆಯಲ್ಲಿ, ಬೀಗದ ಕೈ ದಳವಾಯಿಯ ಬಳಿ.

ನೇಕಾರ ಹೆಂಗಸೊಬ್ಬಳು ಮೂರು ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. "ಹಾಕಿಸಬೇಕು ಅಂತಲೇ ನನ್ನ ಇಚ್ಛೆ, ಬುದ್ಧಿ. ಎಲ್ಲಿ ಹಾಕಿಸಲಿ?"

"ನಿನ್ನ ಇಚ್ಛೆಗೆ ನಮ್ಮ ಗೌರವವಿದೆ ತಾಯಿ. ಸೂಜಿ ಮಾತ್ರ ವಿಚಾರಣೆಯಲ್ಲಿದೆ" ಎಂದ ಅತ್ತರಿನ ವ್ಯಾಪಾರಿ. ಸೆಕೆಗೆ ಅವನು ಶಲ್ಯ ತೆಗೆದಿಟ್ಟಿದ್ದ.

"ನಿಮ್ಮ ತೋಳಿನ ಮೇಲೆ ಅದೇನು ಕಲೆ?"

"ಚಿಕ್ಕವನಿದ್ದಾಗ ನಮ್ಮಮ್ಮ ಹಾಕಿಸಿದ್ದು. ಆಗೆಲ್ಲ ಹೀಗೆ ವಿಚಾರ ಮಾಡುವವರು ಎಲ್ಲಿದ್ದರು?"

"ನಿಮ್ಮ ಪುಣ್ಯ ಬುದ್ಧಿ, ಇರಲಿಲ್ಲ" ಎಂದು ಅವಳು ಮಗುವನ್ನು ಎತ್ತಿಕೊಂಡು ಹೊರಟುಹೋದಳು.

ಬೇಸಿಗೆಯಲ್ಲಿ ಉಪ್ಪಿನ ಗಾಡಿಗಳ ಜೊತೆ ಸಿಡುಬು ಬಂತು. ವೈದ್ಯರು ಪೆಟ್ಟಿಗೆ ತೆರೆಯಿರಿ ಎಂದು ಬೇಡಿಕೊಂಡರು. ವಿಚಾರಣೆ ನಡೆಯುತ್ತಿದೆ ಎಂಬ ಉತ್ತರ ಬಂತು. ಮೂರನೆಯ ವಾರ ನೇಕಾರ ಹೆಂಗಸಿನ ಮಗಳು ತೀರಿಕೊಂಡಳು. ಆ ಬೀದಿಯಲ್ಲಿ ಅವಳು ಒಂಬತ್ತನೆಯ ಮಗು.

ನಿಷ್ಪಕ್ಷಪಾತಿಗಳು ಮಾತ್ರ ಕೈಕಟ್ಟಿ ಕೂರಲಿಲ್ಲ. ಮನೆಮನೆಗೆ ಹೋದರು. ರೋಗಿಗಳ ಹಾಸಿಗೆಯ ಮೇಲೆಯೇ ಕೂತರು. ಸತ್ತ ಮಕ್ಕಳ ತಲೆ ನೇವರಿಸಿದರು. ಇಷ್ಟು ಧೈರ್ಯವನ್ನು ಊರು ಕಂಡಿರಲಿಲ್ಲ. ದಳವಾಯಿ ಸಭೆ ಕರೆದು ಐವರಿಗೂ ಶಾಲು ಹೊದಿಸಿದ.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಅಷ್ಟು ಮನೆ ಹೊಕ್ಕರೂ ಅವರಲ್ಲಿ ಒಬ್ಬನಿಗೂ ತಟ್ಟಲಿಲ್ಲವೇ, ಗುರುಗಳೇ?"

"ಹೇಗೆ ತಟ್ಟೀತು? ಅವರ ತಾಯಂದಿರು ದಾಕು ಹಾಕಿಸಿದ್ದರಲ್ಲ" ಎಂದರು ಗುರು.