ಎದುರಾಳಿ ಉಳಿಸಿದ ಶ್ಲೋಕ

ತುಂಗಭದ್ರೆಯ ದಡದ ಒಂದು ಪಾಠಶಾಲೆಯಲ್ಲಿ ಚೆನ್ನಕೇಶವ ಅವಧಾನಿಗಳೆಂಬ ವೃದ್ಧ ಗುರುಗಳಿದ್ದರು. ಆ ಸೀಮೆಯ ಪಂಚರು ನ್ಯಾಯ ಹೇಳಲು ನಂಬುತ್ತಿದ್ದ ಹಳೆಯ ಸ್ಮೃತಿಯೊಂದರ ತಾಳೆಗರಿಗಳನ್ನು ಗೆದ್ದಲು ತಿಂದುಹಾಕಿತ್ತು. ಅವಧಾನಿಗಳು ಚಿಕ್ಕವರಿದ್ದಾಗ ಅವರ ಅಜ್ಜ ಸಂಜೆ ಹೊತ್ತು ಜಗಲಿಯಲ್ಲಿ ಕೂತು ಅದನ್ನು ಹೇಳುತ್ತಿದ್ದರಂತೆ. ಅಜ್ಜನ ದನಿ ನೆನಪಿತ್ತು, ಶ್ಲೋಕಗಳು ಮರೆತುಹೋಗಿದ್ದವು. ಅದಕ್ಕೇ ಬೇರೆ ಗ್ರಂಥಕಾರರು ಅದರಿಂದ ಎತ್ತಿ ಬರೆದಿದ್ದ ಶ್ಲೋಕಗಳನ್ನು ಹೆಕ್ಕಿ ಹೆಕ್ಕಿ ಶಿಷ್ಯ ಅಹೋಬಲನ ಕೈಲಿ ಬರೆಸುತ್ತಿದ್ದರು.

ಒಂದು ದಿನ ತಿಪ್ಪಾಂಬೆ ಎಂಬ ವಿಧವೆ ಅಲ್ಲಿಗೆ ಬಂದಳು. ಮೈದುನ ಅವಳನ್ನು ಮನೆ ಬಿಡಿಸಲು ಹೊರಟಿದ್ದ.

"ಆ ಸ್ಮೃತಿಯಲ್ಲಿ ನಮ್ಮಂಥವರ ಬಗ್ಗೆ ಏನೋ ಇದೆಯಂತಲ್ಲ ಸ್ವಾಮಿ. ಹುಣ್ಣಿಮೆಗೆ ಪಂಚರು ಸೇರ್ತಾರೆ. ಅಷ್ಟರೊಳಗೆ ಹುಡುಕಿ ಕೊಡಿ," ಎಂದಳು.

ಇದ್ದಬದ್ದ ಗ್ರಂಥಗಳನ್ನೆಲ್ಲ ತಡಕಾಡಿದರೂ ಸಿಕ್ಕಿದ್ದು ಅರ್ಧ ಶ್ಲೋಕ: 'ಗಂಡನನ್ನು ಕಳೆದುಕೊಂಡವಳು ಅವನ ಮನೆಯಲ್ಲಿ...' ಮುಂದಿನ ಸಾಲು ಎಲ್ಲೂ ಇರಲಿಲ್ಲ.

ಅಹೋಬಲನಿಗೆ ಶ್ಲೋಕ ಕಟ್ಟುವುದು ನೀರು ಕುಡಿದಷ್ಟು ಸುಲಭ. ಮರುಕ ತಡೆಯಲಾರದೆ ಉಳಿದರ್ಧವನ್ನು ತಾನೇ ಕಟ್ಟಿ, ಸಿಕ್ಕಿತೆಂದು ಓದಿದ.

"ಚೆನ್ನಾಗಿದೆ. ಯಾವ ಗ್ರಂಥದಲ್ಲಿ ಸಿಕ್ತಪ್ಪ?" ಎಂದರು ಗುರುಗಳು.

ಅಹೋಬಲ ತಲೆ ತಗ್ಗಿಸಿದ. "ಅವಳು ಬೀದಿಗೆ ಬೀಳ್ತಾಳಲ್ಲ, ಗುರುಗಳೇ."

"ಇವತ್ತು ನೀನು ಕನಿಕರಕ್ಕೆ ಸೇರಿಸ್ತೀಯ. ನಾಳೆ ಅವಳ ಮೈದುನ ಇನ್ನೊಂದು ಸೇರಿಸಿದರೆ ಯಾವ ಬಾಯಲ್ಲಿ ಬೇಡ ಅನ್ನೋಣ? ಹೊಳೆಯಾಚೆ ಮಠದ ಗ್ರಂಥ ನೋಡಿದೆಯಾ?"

"ಅದು ನಮ್ಮ ಸ್ಮೃತಿಯನ್ನ ಖಂಡಿಸೋಕೇ ಬರೆದದ್ದು. ನಮ್ಮಲ್ಲಿ ಯಾರೂ ಅದನ್ನ ಮುಟ್ಟಲ್ಲವಲ್ಲ."

"ನಾನೂ ಮುಟ್ಟಿಲ್ಲ. ತಪ್ಪಾಯ್ತು. ಹೋಗಿ ನೋಡು."

ಮಕ್ಕಳೇ, ಆಗಿನವರ ಜಗಳಕ್ಕೂ ಒಂದು ಮರ್ಯಾದೆ ಇತ್ತು. ಎದುರಾಳಿಯ ಮಾತನ್ನು ಒಂದಕ್ಷರ ಬಿಡದೆ ಮೊದಲು ಬರೆಯುತ್ತಿದ್ದರು, ಆಮೇಲೆ ಖಂಡಿಸುತ್ತಿದ್ದರು. ಈಗ ನಾವು ಅರ್ಧ ಕೇಳಿಸಿಕೊಂಡೇ ಮೇಲೆ ಬೀಳುತ್ತೇವೆ. ಆ ಕಾಲ ಹೋಯಿತಲ್ಲ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಅಹೋಬಲ ದೋಣಿ ಹತ್ತಿ ಹೋದ. ಆ ಗ್ರಂಥದಲ್ಲಿ ಇಡೀ ಶ್ಲೋಕವಿತ್ತು: 'ಗಂಡನನ್ನು ಕಳೆದುಕೊಂಡವಳು ಅವನ ಮನೆಯಲ್ಲಿ ಬದುಕಿರುವಷ್ಟು ದಿನ ಯಜಮಾನಿ. ಅವಳನ್ನು ಹೊರಗಟ್ಟುವವನು ಕಳ್ಳ.' ಕೆಳಗೆ, ಇದು ಒಪ್ಪತಕ್ಕದ್ದಲ್ಲವೆಂಬ ಮಾರುದ್ದದ ವಾದ.

ಹುಣ್ಣಿಮೆಯಂದು ಪಂಚರ ಮುಂದೆ ಶ್ಲೋಕ ಓದಿದಾಗ ಮೈದುನ ನಕ್ಕ. "ಅವಧಾನಿಗಳೇ ಹೊಸೆದಿರಬೇಕು," ಎಂದ.

ಆಗ ಗ್ರಂಥದೊಂದಿಗೆ ಬಂದಿದ್ದ ಮಠದ ಹಿರಿಯ ವೇಂಕಣ್ಣ ಭಟ್ಟರು ಎದ್ದರು. "ಈ ಮಾತು ನಮಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಆದರೆ ನಿಮ್ಮ ಸ್ಮೃತಿಯಲ್ಲಿ ಇದ್ದದ್ದು ಹೀಗೇ," ಎಂದರು.

ಒಪ್ಪದವರೇ ಸಾಕ್ಷಿ ನುಡಿದ ಮೇಲೆ ಪಂಚರಿಗೆ ಅನುಮಾನ ಉಳಿಯಲಿಲ್ಲ. ತಿಪ್ಪಾಂಬೆ ಅವತ್ತು ತನ್ನ ಮನೆಗೇ ಹೋಗಿ ಒಲೆ ಹಚ್ಚಿದಳು.

ನೀತಿ: ಒಪ್ಪದ ಮಾತನ್ನೂ ಇದ್ದ ಹಾಗೇ ಹೇಳಬೇಕು. ಒಳ್ಳೆಯದಕ್ಕೆಂದು ಕೂಡ ಇಲ್ಲದ್ದನ್ನು ಸೇರಿಸಬಾರದು.