ಮಾಲತೇಶ ಪ್ಲಗಿನ್ ಹಚ್ಚಿದ್ದು, ಕಿತ್ತದ್ದು

ಹೂಂ ಅನ್ನುವವರಿದ್ದರೆ ಕತೆ ಹೇಳ್ತೀನಿ, ಇಲ್ಲದಿದ್ದರೆ ಗೋಡೆಗೇ ಹೇಳ್ತೀನಿ. ರಾಣೆಬೆನ್ನೂರಿನ ಕಡೆ ಒಂದು ಬೀಜದ ಕಂಪನಿ. ಅದರ ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುವವಳು ಕರಬಸವ್ವ. ಅವಳಿಗೊಬ್ಬನೇ ಮಗ, ಮಾಲತೇಶ. ಹೇಳಿದ್ದು ಮಾಡ್ತಾನೆ. ಹೇಳಿದಷ್ಟೇ ಮಾಡ್ತಾನೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡ್ತಾನೆ. ಅದೇ ಅವಳ ಕರ್ಮ! "ಹಾಲು ಉಕ್ಕೋದು ನೋಡ್ಕೋತ ಇರಲೇ" ಅಂದರೆ, ಉಕ್ಕಿ ಒಲೆ ಆರುವವರೆಗೂ ನೋಡುತ್ತ ನಿಂತವನು.

ಕಂಪ್ಯೂಟರಿನ ಮುಂದೆ ಮಾತ್ರ ಅವನ ಬೆರಳು ಬಲು ಚುರುಕು. ಕರಬಸವ್ವ ಮ್ಯಾನೇಜರ್ ಹೊಳಬಸಪ್ಪನವರ ಕೈಕಾಲು ಹಿಡಿದಳು. "ಹುಡುಗನ್ನ ಕೆಲಸಕ್ಕ ಹಚ್ಕೊಳ್ರಿ ಸಾಹೇಬ್ರ. ಅವ ಕೆಟ್ಟ ಕೆಲಸ ಮಾಡಿದ್ರ ನನ್ನೂ ತಗದಬಿಡ್ರಿ" ಎಂದು ಮಾತು ಕೊಟ್ಟಳು. ಮಗನ ಬುದ್ಧಿಗೆ ಅವ್ವನ ಒಲೆ ಜಾಮೀನಾಯಿತು ನೋಡಿ.

ಆ ಕಂಪನಿಯಲ್ಲಿ ಕಾಗದದ ಮಾತಿಲ್ಲ. ಬೇಕು ಅನ್ನುವುದು, ಆಗಲಿ ಅನ್ನುವುದು, ಕಳಿಸು ಅನ್ನುವುದು ಎಲ್ಲ ಸಾಫ್ಟ್‌ವೇರಿನೊಳಗೇ ಮೇಜಿನಿಂದ ಮೇಜಿಗೆ ನಡೆದು ಹೋಗುತ್ತೆ. ಸಾಹೇಬರು ಮಾಲತೇಶನನ್ನು ಕೂರಿಸಿಕೊಂಡು ತಿಳಿಹೇಳಿದರು.

"ನೋಡಲೇ, ಸಾಫ್ಟ್‌ವೇರ್ ಅಂದ್ರ ನಿಮ್ಮವ್ವನ ರೊಟ್ಟಿ. ಪ್ಲಗಿನ್ ಅಂದ್ರ ಮಗ್ಗಲಿಗೆ ಹಾಕ್ಕೊಳ್ಳೋ ಶೇಂಗಾ ಹಿಂಡಿ, ಅಗಸಿ ಹಿಂಡಿ, ಅಂದ್ರ ಚಟ್ನಿಪುಡಿ. ರೊಟ್ಟಿ ಹಂಗ ಇರತೈತಿ, ಹಿಂಡಿ ಬೇಕಾದ್ದು ಹಚ್ಕೋಬೋದು. ಆಡ್-ಆನ್ ಅಂದ್ರೂ ಅದ. ತಿಳೀತೇನು?"

"ತಿಳೀತ್ರಿ!"

ಅವನಿಗೆ ಎಲ್ಲವೂ ತಿಳಿಯುತ್ತೆ. ಅದೇ ಗಂಡಾಂತರ.

"ಹಂಗಾರ ಒಪ್ಪಿಗೆ ಆದ ಕೂಡಲೇ ಮೆಸೇಜ್ ಕಳಿಸೋ ಪ್ಲಗಿನ್ ಹಚ್ಚು. ಯಾರೂ ಬಿಟ್ಟುಹೋಗಬಾರದು, ಎಲ್ಲಾರಿಗೂ ಮುಟ್ಟಬೇಕು!"

ಮಾಲತೇಶ ಹಚ್ಚಿದ. ಎಲ್ಲಾರಿಗೂ ಅಂದರೆ ಎಲ್ಲಾರಿಗೂ! ಮರುದಿನ ಲೆಕ್ಕದ ಕೊಟ್ರೇಶಪ್ಪನವರು ಮೂಲವ್ಯಾಧಿಯ ಆಪರೇಷನ್ನಿಗೆ ರಜೆ ಕೇಳಿದರು. ಸಾಹೇಬರು ಒಪ್ಪಿದರು. ಟಿಣ್! ಹಮಾಲರಿಗೆ ಟಿಣ್, ಲಾರಿ ಡ್ರೈವರಿಗೆ ಟಿಣ್, ಸುತ್ತಲಿನ ಬೀಜದಂಗಡಿಗಳಿಗೆಲ್ಲ ಟಿಣ್, ಬೀಜ ಒಯ್ದಿದ್ದ ಕೊಟ್ರೇಶಪ್ಪನವರ ಬೀಗರಿಗೂ ಟಿಣ್! ಕರಬಸವ್ವ ತನ್ನ ಫೋನು ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದಳು.

"ಅಯ್ಯೋ ನನ್ನ ಶಿವನ! ಏನ್ ಮಾಡಿದ್ಯೋ?"

"ಎಲ್ಲಾರಿಗೂ ಮುಟ್ಟಿಸೀನವ್ವಾ."

ಸಾಹೇಬರು ಮೇಜು ಗುದ್ದಿದರು. "ಪೆದ್ದ! ಇನ್ನ ಮುಂದ ಏನು ಮಾಡೋದಿದ್ರೂ ಮೊದಲ ನನ್ನ ಒಪ್ಪಿಗೆ ಕೇಳಬೇಕು! ಏನಿದ್ರೂ!"

"ಹಂಗ ಆಗಲ್ರಿ!"

ಹಾಗೇ ಆಯಿತು. ಒಪ್ಪಿಗೆ ಕೇಳುವ ಪ್ಲಗಿನ್ ತಂದು ಬೀಜಕ್ಕೆ ಹಚ್ಚಿದ, ಚೀಲಕ್ಕೆ ಹಚ್ಚಿದ, ಕಸಬರಿಗೆಗೆ ಹಚ್ಚಿದ, ಚಹಾದ ಸಕ್ಕರೆಗೂ ಹಚ್ಚಿದ. ಗೇಟಿಗೂ ಹಚ್ಚಿದ. ಹೆಸರಿದ್ದವರು ಹೆಬ್ಬೆಟ್ಟು ಒತ್ತಿದರೆ ಗೇಟು ತೆರೆಯುತ್ತೆ, ಹೆಸರಿಲ್ಲದವರು ಬಂದರೆ ಸಾಹೇಬರು ಒಪ್ಪಬೇಕು.

ಒಂದು ಮಧ್ಯಾಹ್ನ ಕ್ಯಾಂಟೀನಿನ ಒಲೆಯ ಕಿಡಿ ಹಾರಿ ಹಿಂದಿನ ಹೊಟ್ಟಿನ ರಾಶಿಗೆ ಬಿತ್ತು. ಭಗ್ ಅಂತ ಹತ್ತಿಕೊಂಡಿತು!

"ಮಾಲತೇಶಾ, ನೀರು ಹಾಕಲೇ! ನೀರು!"

ಮಗ ತುಂಬಿದ ಬಕೀಟು ಹಿಡಿದು ಕಂಬದ ಹಾಗೆ ನಿಂತಿದ್ದ. "ತಡಿಯವ್ವಾ, ಒಪ್ಪಿಗೆ ಕೇಳೀನಿ. ಸಾಹೇಬ್ರು ಊಟಕ್ಕ ಹೋಗ್ಯಾರ."

"ನಿನ್ನ ಒಪ್ಪಿಗಿಗಿಷ್ಟು ಬೆಂಕಿ ಹಾಕ!"

"ಬೆಂಕಿ ಹಾಕಾಕೂ ಕೇಳಬೇಕವ್ವಾ."

ಅವಳೇ ಬಕೀಟು ಕಸಿದು ಸುರಿದಳು. ಬೆಂಕಿ ಆರಿತು, ಆದರೆ ಹಿಂಡಿಯ ಡಬ್ಬಿಗಳೆಲ್ಲ ಸುಟ್ಟು ಕರಕಾದವು. ಪಾತ್ರೆ ತಿಕ್ಕುತ್ತಿದ್ದ ಹೆಣ್ಣುಮಗಳು ಹೆದರಿ ಅವತ್ತೇ ಕೆಲಸ ಬಿಟ್ಟಳು. ಕರಬಸವ್ವ ತಲೆ ಮೇಲೆ ಕೈ ಹೊತ್ತು ಕೂತಳು.

ಸಾಹೇಬರು ಕೂಗಾಡಿದರು. "ಇಷ್ಟೊಂದು ಪ್ಲಗಿನ್ ಹೇರಿದ್ರ ಸಾಫ್ಟ್‌ವೇರ್ ನಡೀತೈತೇನಲೇ? ಗೇಟಿಂದು ಇರಲಿ, ಅದು ಚಲೋ ಐತಿ. ಉಳಿದ ಒಪ್ಪಿಗಿ ಎಲ್ಲಾ ತಗಿ! ಅಷ್ಟ ಅಲ್ಲ, ಭಾಳ ದಿನದಿಂದ ಉಪಯೋಗಕ್ಕ ಬರಲಾರದ್ದು ಏನೈತಿ, ಅದನ್ನೂ ಕಿತ್ತು ಒಗಿ!"

"ಕಿತ್ತು ಒಗೀತೀನ್ರಿ!"

ಕಿತ್ತ. ಪೊಟ್ಟಣದ ಮೇಲೆ ಹೆಸರು ಬರೆಯುವ ಪ್ಲಗಿನ್ ಒಂದಿತ್ತು. ಬಿತ್ತನೆ ಕಾಲದಲ್ಲಷ್ಟೇ ಅದಕ್ಕೆ ಕೆಲಸ, ಉಳಿದ ದಿನ ಸುಮ್ಮನೆ ಮಲಗಿರುತ್ತೆ. ಅದನ್ನು ಕಿತ್ತ! ಲಾರಿಯ ಸ್ಟೆಪ್ನಿ ವರ್ಷವಿಡೀ ನೆಲ ಮುಟ್ಟಿರಲಿಲ್ಲ. ಅದನ್ನೂ ಕಿತ್ತ! ಬಿತ್ತನೆ ಬಂತು. ಬದನೆ, ಟೊಮೆಟೊ, ಮೆಣಸಿನಕಾಯಿ ಬೀಜದ ಪೊಟ್ಟಣಗಳೆಲ್ಲ ಬೋಳುಬೋಳಾಗಿ ಹೊರಬಂದವು. ಯಾವುದರಲ್ಲಿ ಯಾವುದಿದೆಯೋ ದೇವರೇ ಬಲ್ಲ! ಲಾರಿ ಹರಿಹರದ ದಾರಿಯಲ್ಲಿ ಪಂಚರ್ ಆಗಿ ಕೂತಿತು. ಡ್ರೈವರ್ ಸ್ಟೆಪ್ನಿ ಹುಡುಕಿದ. ಸ್ಟೆಪ್ನಿ ಎಲ್ಲಿ? ಮಾಲತೇಶನ ಮೇಜಿನ ಕೆಳಗೆ!

ಸಾಹೇಬರು ಸ್ಟೆಪ್ನಿಯನ್ನು ಮೇಜಿನ ಕೆಳಗಿಂದ ಎಳೆದು ಹಾಕಿದರು. ಬೈಯಲು ಶುರು ಮಾಡಿದವರು ನಿಲ್ಲಲಿಲ್ಲ.

"ಹುಚ್ಚಪ್ಯಾಲಿ! ಏನು ತೆಗೆಯೋದಿದ್ರೂ ಮೊದಲ ಸಾಫ್ಟ್‌ವೇರಿನ ನಕಲಿನಾಗ ತಗದು ನೋಡಬೇಕು! ಕೆಲಸ ನಿಂತ್ರ ಅದನ್ನ ಮುಟ್ಟಬ್ಯಾಡ. ಯಾವುದು ತಗದ್ರೂ ಕೆಲಸ ನಿಲ್ಲೂದಿಲ್ಲೋ, ಅದನ್ನಷ್ಟ ಖರೇದಾಗ ತಗಿ. ನಿಮ್ಮವ್ವನ ಹೆಸರಿನಿಂದನ ಶುರು ಮಾಡು! ಮಾತು ಕೊಟ್ಟಾಳ ಆಕಿ. ಚಹಾದ ಮಷೀನ್ ತರಸ್ತೀನಿ."

ಕರಬಸವ್ವ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಹೆತ್ತ ಮಗನ ಕೈಯಿಂದಲೇ ತನ್ನ ಹೆಸರು ಅಳಿಸುವುದಾ! ಒಲೆ ಹೋದರೆ ಅವಳಿಗೆ ಏನು ಉಳಿಯಿತು? ಆದರೂ ಕೊಟ್ಟ ಮಾತು ಕೊಟ್ಟದ್ದೇ. ಕಣ್ಣು ಒರೆಸಿಕೊಂಡು, "ಸಾಹೇಬ್ರು ಹೇಳಿದಂಗ ಮಾಡಪ್ಪಾ" ಅಂದಳು.

ಅವಳೂ ಹೇಳಿಬಿಟ್ಟಳಲ್ಲ, ಇನ್ನು ಕೇಳಬೇಕೇ!

ಮಾಲತೇಶ ನಕಲು ತೆಗೆದು ಅದರಲ್ಲಿ ಅವ್ವನ ಹೆಸರು ಅಳಿಸಿದ. ಅವಳ ಹೆಸರಿನಲ್ಲಿ ಬರುವ ಊಟದ ಚೀಟಿ ಹುಟ್ಟಲಿಲ್ಲ. ಚೀಟಿ ಇಲ್ಲದೆ ಹಮಾಲರ ಪಾಳಿ ಇಲ್ಲ, ಪಾಳಿ ಇಲ್ಲದೆ ಚೀಲ ಏಳೋದಿಲ್ಲ, ಚೀಲ ಏಳದೆ ಲಾರಿ ಇಲ್ಲ. ಕೆಲಸ ನಿಂತಿತು! ಅವ್ವನನ್ನು ಹಾಗೇ ಬಿಟ್ಟ. ಹಮಾಲರ ಹೆಸರು ಅಳಿಸಿದ, ನಿಂತಿತು. ಡ್ರೈವರ್ ಹೆಸರು ಅಳಿಸಿದ, ನಿಂತಿತು. ಕೊನೆಗೆ ಸಾಹೇಬರ ಹೆಸರು ಅಳಿಸಿದ.

ನಿಲ್ಲಲಿಲ್ಲ! ನಿಲ್ಲುವುದಿರಲಿ, ಸಾಹೇಬರ ಒಪ್ಪಿಗೆಗೆ ಕಾಯುತ್ತ ಅವರ ಮೇಜಿನ ಮೇಲೆ ಕೂತದ್ದೆಲ್ಲ ಎದ್ದು ಓಡಿತು. ಮಾಲತೇಶನಿಗೆ ಖುಷಿಯೋ ಖುಷಿ. ಖರೇ ಸಾಫ್ಟ್‌ವೇರಿನಲ್ಲಿ ಸಾಹೇಬರ ಹೆಸರನ್ನು ಹುದ್ದೆಯ ಸಮೇತ ಕಿತ್ತು ಒಗೆದ.

ಮರುದಿನ ಬೆಳಿಗ್ಗೆ ಸಾಹೇಬರು ಬಂದು ಹೆಬ್ಬೆಟ್ಟು ಒತ್ತಿದರು. ಕೆಂಪು ದೀಪ. ಒರೆಸಿ ಒತ್ತಿದರು. ಕೆಂಪು ದೀಪ.

"ಲೇ ಮಾಲತೇಶಾ! ಗೇಟ್ ತಗಿಲೇ!"

"ಹೆಸರಿಲ್ದವ್ರಿಗೆ ಸಾಹೇಬ್ರ ಒಪ್ಪಿಗೆ ಬೇಕ್ರಿ!"

"ನಾನ ಸಾಹೇಬಲೇ!"

"ಅವರನ್ನ ನಿನ್ನೆ ತಗದೀನ್ರಿ."

"ಯಾಕಲೇ?"

"ತಗದ್ರೂ ಏನೂ ನಿಲ್ಲಲಿಲ್ರಿ!"

ಹಮಾಲರು ಚೀಲ ಹೊತ್ತವರು ಹೊತ್ತಂತೆಯೇ ನಿಂತುಬಿಟ್ಟರು. ಕರಬಸವ್ವ ರೊಟ್ಟಿ ಬಡಿಯೋದು ಬಿಟ್ಟು ಓಡಿ ಬಂದಳು. "ಹಡಿಬಿಟ್ಟಿ! ಗೇಟಿನ ನೆನಪು ಬರಲಿಲ್ಲೇನೋ ನಿನಗ?"

"ನಕಲಿನಾಗ ಗೇಟ ಇರಲಿಲ್ಲವ್ವಾ."

ಸಾಹೇಬರು ಸರಳು ಹಿಡಿದು ಬೆವರಿ ನೀರಾಗಿದ್ದರು. "ಕರಬಸವ್ವಾ, ನಿನ್ನ ಹೆಸರು ಯಾರೂ ಮುಟ್ಟೂದಿಲ್ಲ, ಮಷೀನೂ ಬ್ಯಾಡ! ಮೊದಲ ನನ್ನ ಹೆಸರು ಒಳಗ ಹಾಕಸವ್ವಾ!"

ಅವಳಿಗೆ ಹೋದ ಜೀವ ಬಂದಂತಾಯಿತು. ಮಗನತ್ತ ತಿರುಗಿದಳು. "ಲಗೂನ ಸಾಹೇಬ್ರ ಹೆಸರು ಹಾಕೋ! ಇದ್ದವ್ರನ್ನ ಯಾರನ್ನೂ ಅಲುಗಾಡಿಸಬ್ಯಾಡ. ಖಾಲಿ ಇದ್ದ ಜಾಗಾ ನೋಡಿ ಹಾಕು!"

"ಹಂಗ ಆಗಲವ್ವಾ!"

ಹುಡುಕಿದ. ಸಾಹೇಬರ ಜಾಗ ನಿನ್ನೆಯೇ ಹುದ್ದೆ ಸಮೇತ ಹೋಗಿತ್ತು. ಇಡೀ ಕಂಪನಿಯಲ್ಲಿ ಖಾಲಿ ಇದ್ದದ್ದು ಒಂದೇ ಜಾಗ. ಹಾಕಿದ. ಕರಬಸವ್ವನ ಫೋನಿನಲ್ಲಿ ಅಕ್ಷರ ಮೂಡಿದವು: "ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕಲು ಹೊಳಬಸಪ್ಪ. ಕ್ಯಾಂಟೀನಿನ ಮುಖ್ಯಸ್ಥೆ ಕರಬಸವ್ವ ಒಪ್ಪಬೇಕು."

ಅವಳು ಫೋನು ನೋಡಿದಳು, ಗೇಟಿನಾಚೆ ಸಾಹೇಬರನ್ನು ನೋಡಿದಳು. ಒತ್ತದಿದ್ದರೆ ಗೇಟು ತೆರೆಯೋದಿಲ್ಲ, ಒತ್ತಿದರೆ ಮಾನ ಉಳಿಯೋದಿಲ್ಲ! ಕಣ್ಣು ಮುಚ್ಚಿ, ಶಿವನೇ ಅಂತ ಒತ್ತಿದಳು.

ಗೇಟು ತೆರೆಯಿತು.

ಆದರೆ ಒಪ್ಪಿಗೆ ಆದದ್ದನ್ನು ಎಲ್ಲಾರಿಗೂ ಮುಟ್ಟಿಸುವ ಆ ಮೊದಲನೇ ಪ್ಲಗಿನ್ ಕೀಳು ಅಂತ ಯಾರೂ ಮಾಲತೇಶನಿಗೆ ಹೇಳಿರಲಿಲ್ಲ ನೋಡಿ. ಹಮಾಲರಿಗೆ ಟಿಣ್, ಲಾರಿ ಡ್ರೈವರಿಗೆ ಟಿಣ್, ಬೀಜದಂಗಡಿಗಳಿಗೆಲ್ಲ ಟಿಣ್, ಮನೆಯಲ್ಲಿ ಇನ್ನೂ ಬೋರಲು ಮಲಗಿದ್ದ ಕೊಟ್ರೇಶಪ್ಪನವರಿಗೂ ಟಿಣ್!