ಫಕೀರವ್ವನ ಬೆಲ್ಲದ ಚೂರು

ಊರ ಬಾವಿಯನ್ನು ಕಂಪನಿಯೊಂದು ಗುತ್ತಿಗೆ ಹಿಡಿಯಿತು. ಅಪ್ಪಣೆ ಇಲ್ಲದೆ ಯಾರಿಗೂ ಹನಿ ನೀರು ಕೊಡುವಂತಿಲ್ಲ. ಬಾವಿಯ ಪಕ್ಕ ಅರವಟ್ಟಿಗೆ ಇಟ್ಟು ದಾರಿಹೋಕರಿಗೆ ನೀರು ಕೊಡುತ್ತಿದ್ದವಳು ಫಕೀರವ್ವ. ಮನೆಯಲ್ಲಿ ಅವಳನ್ನು ನೀರು ಕೇಳುವವರು ಯಾರೂ ಉಳಿದಿರಲಿಲ್ಲ. ಈಗ ಹೆದರಿ ದಾರಿಹೋಕರೂ ಬರುತ್ತಿರಲಿಲ್ಲ.

ಉರಿಬಿಸಿಲಲ್ಲಿ ಕಂಪನಿಯ ಮ್ಯಾನೇಜರ್ ನಡೆದು ಬಂದ. "ಏ ಮುದುಕಿ, ಈ ಅರವಟ್ಟಿಗೆ ಇವತ್ತೇ ಮುಚ್ಚು!"

"ಬಿಸಿಲಾಗ ಬಂದೀರಿ, ಕುಂದರ್ರಿ," ಎಂದು ಅವಳು ವಾಡಿಕೆಯಂತೆ ಬೆಲ್ಲದ ಚೂರು ಕೈಗಿಟ್ಟಳು. ಅವನು ಬಾಯಿಗೆ ಹಾಕಿಕೊಂಡ. ಒಣಗಿದ ಗಂಟಲಿಗೆ ಬೆಲ್ಲ ಅಂಟಿತು.

"ನೀರು ಕೊಡು!"

"ಬೆಲ್ಲ ನಂದ್ರಿ, ಕೊಟ್ಟೆ. ನೀರು ಕಂಪನೀದು. ಅಪ್ಪಣೆ ಬೇಕಲ್ರಿ?"

"ನಾನೇ ಕೊಡ್ತೀನಲ್ಲ!"

"ಬಾಯಿಮಾತು ನಡಿಯೂದಿಲ್ರಿ. 'ಬಾಯಾರಿ ಬಂದವರಿಗೆ ನೀರು ಕೊಡಬೇಕು' ಅಂತ ಬರದು ಕೊಡ್ರಿ."

ಅವನು ಕೆಮ್ಮುತ್ತಲೇ ಕಂಪನಿ ಕಾಗದದ ಮೇಲೆ ಬರೆದು ಸಹಿ ಹಾಕಿದ. ಎರಡು ತಂಬಿಗೆ ಗಟಗಟ ಕುಡಿದ. ತಲೆಯೆತ್ತಿದರೆ ಕಾಗದ ಆಗಲೇ ಅರವಟ್ಟಿಗೆಯ ಕಂಬದಲ್ಲಿ ತೂಗುತ್ತಿತ್ತು. ಓದಿದ. ಮತ್ತೊಮ್ಮೆ ಓದಿದ. ಎದ್ದ.

"ಇನ್ನೊಂದು ಚೂರು ಬೆಲ್ಲ ತಿಂದು ಹೋಗ್ರಿ," ಎಂದಳು ಫಕೀರವ್ವ.

ಈ ಸಲ ಅದರಲ್ಲಿ ಯಾವ ಉಪಾಯವೂ ಇರಲಿಲ್ಲ. ಮೂರು ದಿನದಿಂದ ಅವಳ ಜೊತೆ ಮಾತಾಡಿದವನು ಅವನೊಬ್ಬನೇ.